ಬೀಗವಿಲ್ಲದ ಬಾಗಿಲು: ಇಣುಕಿದವನ ತಪ್ಪೆಷ್ಟು, ತೆರೆದಿಟ್ಟವನ ತಪ್ಪೆಷ್ಟು?

ವ್ಯತ್ಯಾಸ ಇದ್ದುದು ಒಂದೇ ಒಂದು ಪದದಲ್ಲಿ. ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯದ ಅಧೀನದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದ ಅಂತರ್ಜಾಲ ತಾಣದಲ್ಲಿ ಪಿಂಚಣಿದಾರರ ವಿವರ ತೋರಿಸುವ ಪುಟಗಳಿದ್ದವು. ವೃದ್ಧರು, ವಿಧವೆಯರು, ಅಂಗವಿಕಲರು ಈ ಕಾರ್ಯಕ್ರಮದ ಫಲಾನುಭವಿಗಳು. ಪುಟದಲ್ಲಿ ಸೂಕ್ಷ್ಮವಾದ ಅಂಕಿಗಳನ್ನು ಮರೆಮಾಚಲಾಗಿತ್ತು. ಆದರೆ ಪುಟದ ವಿಳಾಸದಲ್ಲಿದ್ದ ‘ನೋಲಾಗಿನ್’ ಎಂಬ ಪದವನ್ನು ‘ಲಾಗಿನ್’ ಎಂದು ತಿದ್ದಿದರೆ ಮರೆ ಸರಿಯುತ್ತಿತ್ತು. ಗುಪ್ತಪದವನ್ನು ಕೇಳುವವರಿರಲಿಲ್ಲ. ಪೂರ್ಣ ವಿವರಗಳೇ ಪರದೆಯ ಮೇಲೆ ಬಂದು ನಿಲ್ಲುತ್ತಿದ್ದವು.

ಇದನ್ನು ದಾಖಲಿಸಿದ್ದು ಬೆಂಗಳೂರಿನ ಸಂಶೋಧನಾ ಸಂಸ್ಥೆಯಾದ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ. 2017ರ ಮೇ ತಿಂಗಳ ಆರಂಭದಲ್ಲಿ ಅದು ಪ್ರಕಟಿಸಿದ ವರದಿ ನಾಲ್ಕು ಸರ್ಕಾರಿ ತಾಣಗಳನ್ನು ಪರಿಶೀಲಿಸಿತ್ತು. ಕೇಂದ್ರದ ಸಾಮಾಜಿಕ ನೆರವು ಕಾರ್ಯಕ್ರಮ ಮತ್ತು ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯ ತಾಣಗಳು ಎರಡು. ಆಂಧ್ರಪ್ರದೇಶ ಸರ್ಕಾರದ ಕೂಲಿ ಪಾವತಿ ವರದಿ ಹಾಗೂ ಚಂದ್ರಣ್ಣ ಬಿಮಾ ಯೋಜನೆಯ ತಾಣಗಳು ಇನ್ನೆರಡು. ಇವುಗಳಿಂದ ಸುಮಾರು 13ರಿಂದ 13.5 ಕೋಟಿ ಆಧಾರ್ ಸಂಖ್ಯೆಗಳು ಮತ್ತು ಸುಮಾರು 10 ಕೋಟಿ ಬ್ಯಾಂಕ್ ಖಾತೆ ಸಂಖ್ಯೆಗಳು ಯಾರು ಬೇಕಾದರೂ ನೋಡುವಂತಿದ್ದವು ಎಂಬುದು ವರದಿಯ ಅಂದಾಜು.

ವರದಿ ಹೊರಬಿದ್ದ ಎರಡೇ ವಾರಗಳಲ್ಲಿ ಭಾರತೀಯ ವಿಶಿಷ್ಟ ಗುರುತು ಪ್ರಾಧಿಕಾರದಿಂದ ಸಂಸ್ಥೆಗೆ ಪತ್ರ ಬಂತು. ಅದು ಕೃತಜ್ಞತೆಯ ಪತ್ರವಾಗಿರಲಿಲ್ಲ. ವರದಿಯಲ್ಲಿ ಹೇಳಿದ ಒಂದು ತಾಣದ ಮಾಹಿತಿಯನ್ನು ಅಕ್ರಮ ಪ್ರವೇಶವಿಲ್ಲದೆ ಪಡೆಯುವುದು ಸಾಧ್ಯವೇ ಇಲ್ಲ, ಆದ್ದರಿಂದ ಅದರಲ್ಲಿ ಭಾಗಿಯಾದವರ ವಿವರಗಳನ್ನು ಒದಗಿಸಿ ಎಂದು ಪ್ರಾಧಿಕಾರ ಕೇಳಿತ್ತು. ಪತ್ರದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ ದಂಡನೆಯ ಪ್ರಸ್ತಾಪವೂ ಇತ್ತು. ಬಾಗಿಲು ತೆರೆದಿದೆ ಎಂದು ಕೂಗಿ ಹೇಳಿದವರನ್ನೇ ‘ಒಳಗೆ ಹೇಗೆ ಬಂದಿರಿ’ ಎಂದು ಪ್ರಶ್ನಿಸಿದಂತಾಯಿತು.

ಈ ಪ್ರಸಂಗಕ್ಕೆ ಹಲವು ವರ್ಷಗಳೇ ಸಂದಿವೆ. ಆದರೂ ಅದನ್ನು ಈಗ ಮತ್ತೆ ನೆನೆಯಲು ಕಾರಣವಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದು, ಎರಡು ವರ್ಷಗಳಿಗೂ ಹೆಚ್ಚು ಕಾಲ ಕಾದು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮಾಹಿತಿಯನ್ನು ಇಟ್ಟುಕೊಂಡವರ ಹೊಣೆ ಏನೆಂಬುದನ್ನು ಕಾಯ್ದೆ ವಿಸ್ತಾರವಾಗಿ ಹೇಳುತ್ತದೆ. ಕಾವಲಿಲ್ಲದೆ ಬಿದ್ದಿರುವ ಮಾಹಿತಿ ಕಣ್ಣಿಗೆ ಬಿದ್ದವನು ಏನು ಮಾಡಬೇಕು, ಏನು ಮಾಡಬಾರದು, ತಿಳಿಸಿದರೆ ಅವನಿಗೆ ರಕ್ಷಣೆ ಉಂಟೇ ಎಂಬ ವಿಷಯದಲ್ಲಿ ಮಾತ್ರ ಮೌನ ತಾಳುತ್ತದೆ. ಆ ಮೌನ ಇರುವವರೆಗೆ ಅವನನ್ನು ಅಳೆಯುವುದು ಹಳೆಯ ಕಾನೂನಿನ ಅಳತೆಗೋಲಿನಿಂದಲೇ.

ಅಂಚೆ ಕಾರ್ಡು ಮತ್ತು ಇನ್‌ಲ್ಯಾಂಡ್ ಪತ್ರ

ಪರರ ಖಾಸಗಿ ಸಂಗತಿಯನ್ನು ನೋಡುವುದು ತಪ್ಪು ಎಂಬ ಭಾವನೆ ಅಂತರ್ಜಾಲದೊಂದಿಗೆ ಹುಟ್ಟಿದ್ದಲ್ಲ. ಊರಿನ ಅಂಚೆಯಣ್ಣ ತಂದ ಕಾರ್ಡನ್ನು ವಿಳಾಸದಾರರ ಕೈಸೇರುವ ಮುನ್ನವೇ ಅರ್ಧ ಓಣಿ ಓದಿರುತ್ತಿದ್ದ ಕಾಲವೊಂದಿತ್ತು. ಅದನ್ನು ಯಾರೂ ಅಪರಾಧವೆಂದು ಎಣಿಸಲಿಲ್ಲ. ಗುಟ್ಟಿನ ವಿಷಯವಾದರೆ ಇನ್‌ಲ್ಯಾಂಡ್ ಪತ್ರದಲ್ಲಿ ಬರೆದು ಅಂಟಿಸಬೇಕಿತ್ತು ಎಂದೇ ಹೇಳುತ್ತಿದ್ದರು. ಅಂಟಿಸಿದ ಪತ್ರವನ್ನು ಒಡೆದವನಿಗೆ ಮಾತ್ರ ಕ್ಷಮೆಯಿರಲಿಲ್ಲ. ಸಂತೆಯಲ್ಲಿ ಕಡಲೆಕಾಯಿ ಕಟ್ಟಿಕೊಟ್ಟ ಪೊಟ್ಟಣವನ್ನು ಬಿಡಿಸಿದಾಗ ಯಾರದೋ ಉತ್ತರಪತ್ರಿಕೆಯೋ ಬ್ಯಾಂಕಿನ ಲೆಕ್ಕದ ಹಾಳೆಯೋ ಕಂಡರೆ ಓದದೆ ಬಿಡುವವರು ವಿರಳ. ಓದಿ ಎಸೆಯುವುದು ಒಂದು ಬಗೆ. ಆ ಹಾಳೆಯನ್ನು ಜೋಪಾನವಾಗಿ ಮಡಚಿ ಜೇಬಿಗಿಡುವುದು ಇನ್ನೊಂದು ಬಗೆ.

ಅಂತರ್ಜಾಲದ ತೊಡಕೆಂದರೆ ಅಲ್ಲಿ ಅಂಚೆ ಕಾರ್ಡು ಯಾವುದು, ಅಂಟಿಸಿದ ಪತ್ರ ಯಾವುದು ಎಂದು ನೋಡಿದ ಮಾತ್ರಕ್ಕೆ ತಿಳಿಯುವುದಿಲ್ಲ. ಗೂಗಲ್‌ನಲ್ಲಿ ಯಾವುದೋ ಹುಡುಕುತ್ತ ಹೋದವನಿಗೆ ಸರ್ಕಾರಿ ಇಲಾಖೆಯೊಂದರ ಫಲಾನುಭವಿಗಳ ಪಟ್ಟಿ ತೆರೆದುಕೊಂಡರೆ, ಅದು ಕಾನೂನಿನ ಪ್ರಕಾರ ಪ್ರಕಟಿಸಿದ್ದೋ ಗುಮಾಸ್ತರ ಅಜಾಗರೂಕತೆಯಿಂದ ಬಿದ್ದಿದ್ದೋ ಎಂದು ಅವನು ಹೇಗೆ ಬಲ್ಲ? ಕರ್ನಾಟಕದಲ್ಲಿ ಜಮೀನಿನ ಪಹಣಿಯನ್ನು ಸರ್ವೆ ನಂಬರು ಹಾಕಿ ಯಾರು ಬೇಕಾದರೂ ನೋಡಬಹುದು. ಅದರಲ್ಲಿ ಮಾಲೀಕರ ಹೆಸರೂ ಇರುತ್ತದೆ, ಸಾಲದ ಋಣಭಾರವೂ ಇರುತ್ತದೆ. ಇದು ಉದ್ದೇಶಪೂರ್ವಕವಾದ ಮುಕ್ತತೆ. ಮತದಾರರ ಪಟ್ಟಿಯೂ ಹಾಗೆಯೇ. ಉದ್ಯೋಗ ಖಾತರಿಯ ಹಾಜರಿ ಪಟ್ಟಿಯನ್ನು ಬಹಿರಂಗಪಡಿಸಬೇಕೆಂದು ಜನಪರ ಸಂಘಟನೆಗಳು ಹೋರಾಡಿದ್ದವು. ಸತ್ತವರ ಹೆಸರಿನಲ್ಲಿ ಕೂಲಿ ಎತ್ತುವ ದಂಧೆ ಬಯಲಾಗಿದ್ದು ಇಂಥ ಪಟ್ಟಿಗಳಿಂದಲೇ. ಕೂಲಿಕಾರನ ಹೆಸರು ಮತ್ತು ಅವನು ದುಡಿದ ದಿನಗಳು ಊರಿಗೆ ತಿಳಿಯಲಿ ಎಂಬುದು ಪಾರದರ್ಶಕತೆ. ಅದೇ ಸಾಲಿನಲ್ಲಿ ಅವನ ಆಧಾರ್ ಸಂಖ್ಯೆ ಮತ್ತು ಬ್ಯಾಂಕ್ ಖಾತೆಯನ್ನು ಸೇರಿಸುವುದು ಪಾರದರ್ಶಕತೆಯಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುವುದು ಇದಕ್ಕೇ.

ಕೇಂದ್ರ ಸರ್ಕಾರಕ್ಕೆ ಇದು ತಿಳಿಯದ ವಿಷಯವೂ ಆಗಿರಲಿಲ್ಲ. ಬೆಂಗಳೂರಿನ ವರದಿಗೆ ಒಂದು ತಿಂಗಳ ಮೊದಲೇ, 2017ರ ಮಾರ್ಚ್‌ನಲ್ಲಿ, ಮಾಹಿತಿ ತಂತ್ರಜ್ಞಾನ ಸಚಿವಾಲಯ ಎಲ್ಲ ಇಲಾಖೆಗಳಿಗೆ ಪತ್ರ ಬರೆದು, ಆಧಾರ್ ಸಂಖ್ಯೆ ಮೊದಲಾದ ವಿವರಗಳು ತಾಣಗಳಲ್ಲಿ ಪ್ರಕಟವಾಗುತ್ತಿರುವುದು ಕಾನೂನುಬಾಹಿರ ಎಂದು ಎಚ್ಚರಿಸಿತ್ತು. ಏಪ್ರಿಲ್‌ನಲ್ಲಿ ಜಾರ್ಖಂಡ್‌ನ ಸಾಮಾಜಿಕ ಭದ್ರತಾ ನಿರ್ದೇಶನಾಲಯದ ತಾಣದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪಿಂಚಣಿದಾರರ ವಿವರಗಳು ಬಹಿರಂಗವಾಗಿದ್ದುದು ವರದಿಯಾಯಿತು. ಅದೇ ವರ್ಷದ ಕೊನೆಗೆ ಮಾಹಿತಿ ಹಕ್ಕಿನಡಿ ಕೇಳಿದ ಪ್ರಶ್ನೆಗೆ ಉತ್ತರಿಸಿದ ಪ್ರಾಧಿಕಾರ, ಕೇಂದ್ರ ಹಾಗೂ ರಾಜ್ಯ ಸರ್ಕಾರಗಳ ಸುಮಾರು 210 ತಾಣಗಳಲ್ಲಿ ಫಲಾನುಭವಿಗಳ ಹೆಸರು, ವಿಳಾಸಗಳೊಡನೆ ಆಧಾರ್ ಸಂಖ್ಯೆಯೂ ಪ್ರಕಟವಾಗಿತ್ತೆಂದೂ, ಅದನ್ನು ತೆಗೆಸಲಾಗಿದೆಯೆಂದೂ ಒಪ್ಪಿಕೊಂಡಿತು. ತನ್ನ ಮೂಲ ಭಂಡಾರದಿಂದ ಏನೂ ಸೋರಿಲ್ಲ ಎಂಬ ವಾದವನ್ನು ಮಾತ್ರ ಅದು ಕೊನೆಯವರೆಗೂ ಬಿಡಲಿಲ್ಲ. ತಾಂತ್ರಿಕವಾಗಿ ಆ ವಾದ ಸರಿಯೇ ಇರಬಹುದು. ಸಂಖ್ಯೆ ಹೊರಬಿದ್ದ ಅಜ್ಜಿಗೆ ಅದು ಯಾವ ಕೊಳವೆಯಿಂದ ಹೊರಬಿತ್ತು ಎಂಬುದರಿಂದ ಆಗುವ ಲಾಭವೇನು?

ಒಂದು ಪದ ತಿದ್ದಿದರೆ ಒಡೆದಂತೆಯೇ?

ಹಾಗೆಂದು ಪ್ರಾಧಿಕಾರದ ಆಕ್ಷೇಪವನ್ನು ಸಂಪೂರ್ಣ ತಳ್ಳಿಹಾಕುವುದೂ ಪ್ರಾಮಾಣಿಕತೆಯಾಗದು. ನಾಲ್ಕು ತಾಣಗಳ ಪೈಕಿ ಕೆಲವೆಡೆ ಮಾಹಿತಿ ಬರಿಗಣ್ಣಿಗೆ ಕಾಣುವಂತೆಯೇ ಇತ್ತು. ಅದನ್ನು ನೋಡುವುದು ಸೂಚನಾ ಫಲಕ ಓದಿದಂತೆ. ಪಿಂಚಣಿ ತಾಣದಲ್ಲಿ ಹಾಗಿರಲಿಲ್ಲ. ಅಲ್ಲಿ ಅಂಕಿಗಳನ್ನು ಮರೆಮಾಚಿದವರು ‘ಇದು ಎಲ್ಲರಿಗಲ್ಲ’ ಎಂದು ತಮ್ಮ ಇಂಗಿತವನ್ನು ಸೂಚಿಸಿದ್ದರು. ವಿಳಾಸದಲ್ಲಿನ ಪದ ತಿದ್ದುವವನಿಗೆ ತಾನು ಸಾಮಾನ್ಯ ಓದುಗನ ದಾರಿ ಬಿಟ್ಟು ಬೇರೆ ದಾರಿ ಹಿಡಿಯುತ್ತಿದ್ದೇನೆಂಬ ಅರಿವು ಇರಲೇಬೇಕು. ಬಾಗಿಲಿಗೆ ಬೀಗವಿರಲಿಲ್ಲ ನಿಜ, ಪರದೆಯೊಂದು ಇಳಿಬಿಟ್ಟಿತ್ತು. ಪರದೆ ಸರಿಸಿದ್ದು ಬೀಗ ಒಡೆದದ್ದಕ್ಕೆ ಸಮವಲ್ಲ. ಏನೂ ಮಾಡದೆ ಸುಮ್ಮನೆ ನಿಂತು ನೋಡಿದ್ದಕ್ಕೂ ಸಮವಲ್ಲ.

ನೈತಿಕತೆಯ ನಿಜವಾದ ಪ್ರಶ್ನೆ ಹುಟ್ಟುವುದು ಈ ನಡುವಿನ ಜಾಗದಲ್ಲಿ. ಪರದೆ ಸರಿಸಿದವರು ಬಳಿಕ ಏನು ಮಾಡಿದರು ಎಂಬುದನ್ನು ನೋಡದೆ ಅದಕ್ಕೆ ಉತ್ತರ ಸಿಗುವುದಿಲ್ಲ. ಬೆಂಗಳೂರಿನ ಸಂಶೋಧಕರು ವರದಿಯ ಚಿತ್ರಗಳಲ್ಲಿ ವ್ಯಕ್ತಿಗಳ ವಿವರಗಳನ್ನು ಮರೆಮಾಚಿದ್ದರು, ತಮ್ಮ ಹೆಸರು ಹಾಕಿ ಪ್ರಕಟಿಸಿದ್ದರು. ಮಾಹಿತಿ ಕದಿಯಲು ಬಂದವನು ವರದಿ ಬರೆದು ಸಹಿ ಹಾಕುವುದಿಲ್ಲ. ‘ಸೋರಿಕೆ’ ಎಂಬ ಪದ ಪ್ರಯೋಗದ ಬಗ್ಗೆ ಸಂಸ್ಥೆ ನಂತರ ಸ್ಪಷ್ಟನೆಯನ್ನೂ ನೀಡಿ, ಇದು ಸರ್ಕಾರಿ ತಾಣಗಳೇ ಬಹಿರಂಗಪಡಿಸಿದ ಮಾಹಿತಿ ಎಂದು ತಿದ್ದಿಕೊಂಡಿತು.

ಕಾನೂನಿನ ಕಣ್ಣಿಗೆ ಈ ಸೂಕ್ಷ್ಮಗಳು ಅಷ್ಟಾಗಿ ಕಾಣವು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಂ, ಗಣಕದ ಮಾಲೀಕರ ಅಥವಾ ಉಸ್ತುವಾರಿ ಹೊತ್ತವರ ಅನುಮತಿಯಿಲ್ಲದೆ ಅದನ್ನು ಪ್ರವೇಶಿಸುವುದು, ಅದರಿಂದ ಮಾಹಿತಿಯನ್ನು ನಕಲು ಮಾಡುವುದು ಇವೆರಡನ್ನೂ ನಿಷೇಧಿಸುತ್ತದೆ. ಬೀಗ ಇತ್ತೇ ಇರಲಿಲ್ಲವೇ ಎಂದು ಅದು ಕೇಳುವುದಿಲ್ಲ. ತಾಣವನ್ನು ಜಗತ್ತಿಗೆಲ್ಲ ತೆರೆದಿಟ್ಟದ್ದೇ ಅನುಮತಿಯೇ ಎಂಬುದಕ್ಕೂ ಅದರಲ್ಲಿ ಉತ್ತರವಿಲ್ಲ. 2008ರ ತಿದ್ದುಪಡಿಯ ನಂತರ 66ನೇ ಕಲಂ ಅದೇ ಕೃತ್ಯವನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯ ಉದ್ದೇಶದಿಂದ ಮಾಡಿದರೆ ಮೂರು ವರ್ಷಗಳವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ‘ಅಪ್ರಾಮಾಣಿಕವಾಗಿ’ ಎಂಬ ಆ ಒಂದು ಪದವೇ ಸದುದ್ದೇಶದಿಂದ ನೋಡಿದವನ ಪಾಲಿಗೆ ಇರುವ ಆಸರೆ. ಆದರೆ ಉದ್ದೇಶ ಸಾಬೀತಾಗುವುದು ನ್ಯಾಯಾಲಯದಲ್ಲಿ. ಲ್ಯಾಪ್‌ಟಾಪ್, ಮೊಬೈಲ್ ಜಪ್ತಿಯಾಗುವುದು ಮೊದಲ ದಿನವೇ.

ಇನ್ನೊಂದು ಬದಿಯ ಲೆಕ್ಕ ನೋಡಿದರೆ ತಕ್ಕಡಿ ಎಷ್ಟು ವಾಲಿತ್ತೆಂದು ಅರ್ಥವಾಗುತ್ತದೆ. ಅಜಾಗರೂಕತೆಯಿಂದ ಮಾಹಿತಿ ಬಯಲಾದರೆ ಪರಿಹಾರ ಕೊಡಬೇಕೆನ್ನುವ ಇದೇ ಕಾಯ್ದೆಯ 43-ಎ ಕಲಂ ಅನ್ವಯಿಸುತ್ತಿದ್ದುದು ವಾಣಿಜ್ಯ ಸಂಸ್ಥೆಗಳಿಗೆ ಮಾತ್ರ, ಸರ್ಕಾರಿ ಇಲಾಖೆಗಳಿಗಲ್ಲ. ಆಧಾರ್ ಕಾಯ್ದೆಯ 29ನೇ ಕಲಂ ಆಧಾರ್ ಸಂಖ್ಯೆಯನ್ನು ಬಹಿರಂಗವಾಗಿ ಪ್ರಕಟಿಸುವುದನ್ನು ನಿರ್ಬಂಧಿಸಿತ್ತು. ಆದರೆ 2019ರಲ್ಲಿ ತಿದ್ದುಪಡಿಯಾಗುವವರೆಗೆ ಆ ಕಾಯ್ದೆಯಡಿ ನ್ಯಾಯಾಲಯದ ಮೆಟ್ಟಿಲೇರುವ ಅಧಿಕಾರ ಇದ್ದುದು ಪ್ರಾಧಿಕಾರಕ್ಕೊಂದಕ್ಕೇ. ಮಾಹಿತಿ ಕಳೆದುಕೊಂಡ ನಾಗರಿಕ ದೂರು ಕೊಡುವಂತಿರಲಿಲ್ಲ. ಇದಕ್ಕಿಂತ ವಿಪರ್ಯಾಸ ಬೇಕೇ?

2018ರ ಜನವರಿಯಲ್ಲಿ ಚಂಡೀಗಡದ ‘ದಿ ಟ್ರಿಬ್ಯೂನ್’ ಪತ್ರಿಕೆಯ ವರದಿಗಾರ್ತಿ 500 ರೂಪಾಯಿ ಕೊಟ್ಟು, ಯಾವುದೇ ಆಧಾರ್ ಸಂಖ್ಯೆಯ ಹಿಂದಿರುವ ಹೆಸರು, ವಿಳಾಸಗಳನ್ನು ನೋಡುವ ಲಾಗಿನ್ ಪಡೆದು ಅದನ್ನು ಬಯಲಿಗೆಳೆದಾಗಲೂ ಪ್ರಾಧಿಕಾರದ ದೂರಿನ ಮೇಲೆ ದಾಖಲಾದ ಎಫ್‌ಐಆರ್‌ನಲ್ಲಿ ಆಕೆಯ ಹೆಸರಿತ್ತು. ಅಲ್ಲಿ ನಡೆದಿದ್ದು ತೆರೆದ ತಾಣದ ವೀಕ್ಷಣೆಯಲ್ಲ, ಮಾರಾಟಕ್ಕಿಟ್ಟ ಕೀಲಿಕೈಯ ಖರೀದಿ. ಆದ್ದರಿಂದ ಎರಡನ್ನೂ ಒಂದೇ ಎನ್ನಲಾಗದು. ಎಡಿಟರ್ಸ್ ಗಿಲ್ಡ್ ಖಂಡಿಸಿತು, ಕೇಂದ್ರ ಸಚಿವರು ಪತ್ರಿಕಾ ಸ್ವಾತಂತ್ರ್ಯಕ್ಕೆ ಸರ್ಕಾರ ಬದ್ಧವೆಂದರು. ಆದರೂ ದೇಶದ ಸುದ್ದಿಮನೆಗಳಿಗೆ ಹೋಗಬೇಕಾದ ಸಂದೇಶ ಆ ವೇಳೆಗೆ ಹೋಗಿಯಾಗಿತ್ತು.

ಮಿಸೌರಿಯ ರಾಜ್ಯಪಾಲರ ಸಿಟ್ಟು

ಇದು ಭಾರತದ ಆಡಳಿತಕ್ಕೆ ಮಾತ್ರ ಅಂಟಿದ ರೋಗವೆಂದು ಭಾವಿಸಬೇಕಿಲ್ಲ. 2021ರ ಅಕ್ಟೋಬರ್‌ನಲ್ಲಿ ಅಮೆರಿಕದ ಮಿಸೌರಿ ರಾಜ್ಯದಲ್ಲಿ ನಡೆದದ್ದು ಇದರ ಪಡಿಯಚ್ಚು. ಶಿಕ್ಷಕರ ಅರ್ಹತಾ ಪತ್ರಗಳನ್ನು ಪರಿಶೀಲಿಸಲು ಅಲ್ಲಿನ ಶಿಕ್ಷಣ ಇಲಾಖೆ ಸಾರ್ವಜನಿಕ ತಾಣವೊಂದನ್ನು ನಡೆಸುತ್ತಿತ್ತು. ‘ಸೇಂಟ್ ಲೂಯಿಸ್ ಪೋಸ್ಟ್-ಡಿಸ್‌ಪ್ಯಾಚ್’ ಪತ್ರಿಕೆಯ ಜೋಶ್ ರೆನೋ ಎಂಬ ಪತ್ರಕರ್ತ ಆ ಪುಟದ ಮೂಲ ಸಂಕೇತವನ್ನು ನೋಡಿದಾಗ ಶಿಕ್ಷಕರ ಸಾಮಾಜಿಕ ಭದ್ರತಾ ಸಂಖ್ಯೆಗಳು ಅದರೊಳಗೇ ಕುಳಿತಿದ್ದವು. ಮೂಲ ಸಂಕೇತವೆಂದರೆ ರಹಸ್ಯ ಕಡತವೇನಲ್ಲ. ಪುಟ ತೆರೆದ ಪ್ರತಿಯೊಬ್ಬರ ಗಣಕಕ್ಕೂ ಅದು ತಾನಾಗಿಯೇ ಬಂದು ಬೀಳುತ್ತದೆ. ಬ್ರೌಸರ್‌ನಲ್ಲಿ ಒಂದು ಕೀಲಿ ಒತ್ತಿದರೆ ಕಾಣುತ್ತದೆ. ಒಂದು ಲಕ್ಷಕ್ಕೂ ಹೆಚ್ಚು ಶಿಕ್ಷಕರು ಮತ್ತು ಸಿಬ್ಬಂದಿಯ ಸಂಖ್ಯೆಗಳು ಹೀಗೆ ಅಪಾಯದಲ್ಲಿದ್ದವೆಂದು ಪತ್ರಿಕೆ ಅಂದಾಜಿಸಿತು.

ಇಲ್ಲಿ ಗಮನಿಸಬೇಕಾದುದು ಪತ್ರಕರ್ತ ನಡೆದುಕೊಂಡ ರೀತಿ. ಲಕ್ಷ ದಾಖಲೆಗಳಿಗೆ ದಾರಿ ತೆರೆದಿದ್ದರೂ ಆತ ನೋಡಿದ್ದು ಮೂವರದನ್ನು. ಆ ಮೂವರನ್ನೇ ಸಂಪರ್ಕಿಸಿ, ಕಂಡ ಅಂಕಿಗಳು ಅವರವೇ ಹೌದೆಂದು ಖಚಿತಪಡಿಸಿಕೊಂಡ. ವಿಶ್ವವಿದ್ಯಾಲಯದ ಭದ್ರತಾ ತಜ್ಞರೊಬ್ಬರಿಂದ ಪರಿಶೀಲನೆ ಮಾಡಿಸಿದ. ಬಳಿಕ ಇಲಾಖೆಗೆ ತಿಳಿಸಿ, ಇಲಾಖೆ ಆ ಪುಟವನ್ನು ಕಿತ್ತುಹಾಕುವವರೆಗೆ ಪತ್ರಿಕೆ ಸುದ್ದಿಯನ್ನು ತಡೆಹಿಡಿಯಿತು. ಸುದ್ದಿಯ ಪೈಪೋಟಿಯಲ್ಲಿ ಗಂಟೆಗಳೂ ಮುಖ್ಯವಾಗುವ ವೃತ್ತಿಯಲ್ಲಿ ಹೀಗೆ ಕಾಯುವುದು ಸಣ್ಣ ಮಾತಲ್ಲ.

ಮರುದಿನ ರಾಜ್ಯಪಾಲ ಮೈಕ್ ಪಾರ್ಸನ್ ಸುದ್ದಿಗೋಷ್ಠಿ ಕರೆದು ಇದನ್ನು ಹ್ಯಾಕಿಂಗ್ ಎಂದರು. ಪತ್ರಕರ್ತ ಸಂಕೇತವನ್ನು ಭೇದಿಸಿ ಮಾಹಿತಿ ತೆಗೆದಿದ್ದಾನೆ, ಕಾನೂನು ಕ್ರಮ ಜರುಗಿಸಲಾಗುವುದು, ರಾಜ್ಯಕ್ಕೆ ಇದರಿಂದ 5 ಕೋಟಿ ಡಾಲರ್ ಹೊರೆ ಬೀಳಬಹುದು ಎಂದೆಲ್ಲ ಗುಡುಗಿದರು. ತಾಂತ್ರಿಕ ಲೋಕ ನಕ್ಕಿತು. ಆದರೆ ತನಿಖೆಯ ತೂಗುಕತ್ತಿ ನಾಲ್ಕು ತಿಂಗಳು ಆ ಪತ್ರಕರ್ತನ ತಲೆಯ ಮೇಲಿತ್ತು. 2022ರ ಫೆಬ್ರುವರಿಯಲ್ಲಷ್ಟೇ ಅಲ್ಲಿನ ಸರ್ಕಾರಿ ವಕೀಲರು ಮೊಕದ್ದಮೆ ಹೂಡುವುದಿಲ್ಲವೆಂದು ಪ್ರಕಟಿಸಿದರು. ಸ್ವಾರಸ್ಯವೆಂದರೆ, ರಾಜ್ಯಪಾಲರು ಸಿಟ್ಟಾಗುವ ಮೊದಲು ಶಿಕ್ಷಣ ಇಲಾಖೆ ಪತ್ರಿಕೆಗೆ ಧನ್ಯವಾದ ಹೇಳುವ ಹೇಳಿಕೆಯೊಂದನ್ನು ಸಿದ್ಧಪಡಿಸಿತ್ತೆಂಬುದು ನಂತರ ಬಿಡುಗಡೆಯಾದ ದಾಖಲೆಗಳಿಂದ ಹೊರಬಿತ್ತು.

ಕೆನಡಾದ ನೋವಾ ಸ್ಕಾಟಿಯಾದಲ್ಲಿ 2018ರಲ್ಲಿ 19 ವರ್ಷದ ಯುವಕನೊಬ್ಬನ ಮನೆಗೆ ಪೊಲೀಸರು ದಾಳಿಯಿಟ್ಟರು. ಮಾಹಿತಿ ಹಕ್ಕಿನ ಅರ್ಜಿಗಳಿಗೆ ಸರ್ಕಾರ ಕೊಟ್ಟ ಉತ್ತರಗಳ ತಾಣದಲ್ಲಿ ವಿಳಾಸದ ಕೊನೆಯ ಅಂಕಿಯನ್ನು ಒಂದೊಂದಾಗಿ ಏರಿಸುತ್ತ ಸುಮಾರು 7,000 ಕಡತಗಳನ್ನು ಆತ ಇಳಿಸಿಕೊಂಡಿದ್ದ. ಅವೆಲ್ಲ ಸಾರ್ವಜನಿಕ ಕಡತಗಳೆಂದೇ ಅವನ ಎಣಿಕೆ. ಸುಮಾರು 250ರಲ್ಲಿ ಖಾಸಗಿ ಮಾಹಿತಿ ಬೆರೆತಿತ್ತು. ಕೆಲವೇ ವಾರಗಳಲ್ಲಿ ಆರೋಪ ಕೈಬಿಡಲಾಯಿತು. ಫಲಿತಾಂಶದ ದಿನ ತನ್ನ ನೋಂದಣಿ ಸಂಖ್ಯೆಯ ಕೊನೆಯ ಅಂಕಿ ಬದಲಿಸಿ ಪಕ್ಕದ ಬೆಂಚಿನವನ ಅಂಕ ನೋಡಿದ ಅನುಭವ ಇರುವ ನಮ್ಮ ವಿದ್ಯಾರ್ಥಿಗಳಿಗೆ ಆ ಯುವಕನ ತಂತ್ರ ಹೊಸದೆನಿಸದು.

ಎಲ್ಲೆ ಎಲ್ಲಿದೆ?

ಹಾಗಾದರೆ ತೆರೆದಿದ್ದದ್ದನ್ನೆಲ್ಲ ನೋಡಬಹುದೇ? ಇಲ್ಲ ಎನ್ನಲು 2010ರ ಎಟಿ ಅಂಡ್ ಟಿ ಪ್ರಕರಣ ಸಾಕು. ಐಪ್ಯಾಡ್ ಬಳಕೆದಾರರ ಇ-ಮೇಲ್ ವಿಳಾಸಗಳನ್ನು ಆ ದೂರವಾಣಿ ಕಂಪನಿಯ ತಾಣ ಗುಪ್ತಪದ ಕೇಳದೆ ಕೊಟ್ಟುಬಿಡುತ್ತಿತ್ತು. ಇಬ್ಬರು ತಂತ್ರಜ್ಞರು ಅದನ್ನು ಪತ್ತೆಹಚ್ಚಿ, ಒಂದೆರಡಕ್ಕೆ ನಿಲ್ಲದೆ ಯಂತ್ರದಿಂದ ಸುಮಾರು 1.14 ಲಕ್ಷ ವಿಳಾಸಗಳನ್ನು ಬಾಚಿ ಮಾಧ್ಯಮವೊಂದಕ್ಕೆ ಒಪ್ಪಿಸಿದರು. ಅವರಲ್ಲಿ ಆಂಡ್ರ್ಯೂ ಔರ್ನ್‌ಹೈಮರ್‌ಗೆ 2013ರಲ್ಲಿ 41 ತಿಂಗಳ ಸೆರೆವಾಸವಾಯಿತು. 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಶಿಕ್ಷೆಯನ್ನು ರದ್ದುಪಡಿಸಿದರೂ ಅದಕ್ಕೆ ಕೊಟ್ಟ ಕಾರಣ ವಿಚಾರಣೆ ನಡೆದ ಸ್ಥಳ ಸರಿಯಲ್ಲ ಎಂಬುದು. ಬೀಗವಿಲ್ಲದ ಬಾಗಿಲಿನೊಳಗೆ ನುಗ್ಗುವುದು ಅಪರಾಧವೇ ಎಂಬ ಮೂಲ ಪ್ರಶ್ನೆ ಹಾಗೆಯೇ ಉಳಿಯಿತು. ನ್ಯಾಯಾಲಯ ಏನೇ ಹೇಳಲಿ, ದೋಷವಿದೆ ಎಂದು ತೋರಿಸಲು ಲಕ್ಷ ಜನರ ವಿಳಾಸ ಬೇಕಿರಲಿಲ್ಲ. ಮಿಸೌರಿಯಲ್ಲಿ ಮೂರು ಸಾಕಾಗಿತ್ತು.

ತನ್ನದೇ ಮಾಹಿತಿಯನ್ನು ನೋಡುವುದೂ ತಪ್ಪಾದೀತೇ ಎಂಬ ವಿಚಿತ್ರ ಪ್ರಶ್ನೆಯನ್ನು ಎತ್ತಿದ್ದು 2005ರ ಹಾರ್ವರ್ಡ್ ಪ್ರಸಂಗ. ಅಮೆರಿಕದ ಹಲವು ಮ್ಯಾನೇಜ್‌ಮೆಂಟ್ ಶಾಲೆಗಳ ಪ್ರವೇಶಾತಿಯನ್ನು ‘ಅಪ್ಲೈ ಯುವರ್‌ಸೆಲ್ಫ್’ ಎಂಬ ಖಾಸಗಿ ಕಂಪನಿ ನಿರ್ವಹಿಸುತ್ತಿತ್ತು. ಪುಟದ ವಿಳಾಸವನ್ನು ತಿದ್ದಿ ತಮ್ಮ ಅರ್ಜಿಯ ಫಲಿತಾಂಶವನ್ನು ಅಧಿಕೃತ ಘೋಷಣೆಗೆ ಮುನ್ನವೇ ನೋಡುವ ಉಪಾಯ ಆ ವರ್ಷದ ಮಾರ್ಚ್ ಆರಂಭದಲ್ಲಿ ಬಯಲಾಯಿತು. ರಂಧ್ರ ಮುಚ್ಚುವಷ್ಟರಲ್ಲಿ ಕೆಲವು ಗಂಟೆಗಳು ಕಳೆದಿದ್ದವು. ಹಾಗೆ ಇಣುಕಿದವರು ಯಾರ ಗುಟ್ಟನ್ನೂ ಕದಿಯಲಿಲ್ಲ. ಕಂಡದ್ದು ತಮ್ಮದೇ ಹಣೆಬರಹ, ಹಲವರಿಗೆ ಖಾಲಿ ಪುಟ. ಆದರೂ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 119 ಅಭ್ಯರ್ಥಿಗಳ ಅರ್ಜಿಯನ್ನು ಸಾರಾಸಗಟಾಗಿ ತಿರಸ್ಕರಿಸಿತು, ಇದು ವಿಶ್ವಾಸದ್ರೋಹ ಎಂದಿತು. ಎಂಐಟಿಯ ಸ್ಲೋನ್ ಶಾಲೆಯೂ ಅದೇ ದಾರಿ ಹಿಡಿಯಿತು. ಡಾರ್ಟ್‌ಮತ್‌ನ ಟಕ್ ಶಾಲೆ ಮಾತ್ರ ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ ಪರಿಶೀಲಿಸಿ, ಇಣುಕಿದ್ದೊಂದೇ ಕಾರಣಕ್ಕೆ ಎಲ್ಲರನ್ನೂ ಹೊರಗಟ್ಟಲಿಲ್ಲ. ಭದ್ರತೆಯ ಲೋಪ ಕಂಪನಿಯದು, ಕುತೂಹಲದ ದೌರ್ಬಲ್ಯ ಅಭ್ಯರ್ಥಿಗಳದು. ಶಿಕ್ಷೆ ಬಿದ್ದಿದ್ದು ಎರಡನೆಯವರಿಗೆ. ಟಕ್ ಶಾಲೆಯ ತೀರ್ಮಾನದಲ್ಲಿ ಹೆಚ್ಚಿನ ವಿವೇಕ ಕಾಣುತ್ತದೆ.

ಈ ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಎಲ್ಲೆ ಇರುವುದು ಕಣ್ಣಿನಲ್ಲಲ್ಲ, ಕೈಯಲ್ಲಿ ಎನ್ನಬೇಕಾಗುತ್ತದೆ. ಆಕಸ್ಮಿಕವಾಗಿ ಕಂಡದ್ದಕ್ಕೆ ಯಾರೂ ಹೊಣೆಯಲ್ಲ. ಕಂಡಿದ್ದು ಖಾಸಗಿ ಎಂದು ಗೊತ್ತಾದ ಮೇಲೂ ಎರಡನೆಯ, ಮೂರನೆಯ ಪುಟ ತಿರುವುವುದಕ್ಕೆ ಕಾರಣ ಬೇಕು. ಆ ಕಾರಣ ‘ಲೋಪವನ್ನು ಸಾಬೀತುಪಡಿಸುವುದು’ ಎಂದಾದರೆ, ಸಾಬೀತಾದ ಕ್ಷಣಕ್ಕೆ ನಿಲ್ಲಬೇಕು. ಪತ್ರಕರ್ತರಿಗೂ ಇದರಿಂದ ವಿನಾಯಿತಿಯಿಲ್ಲ. ‘ಸಾರ್ವಜನಿಕ ಹಿತಾಸಕ್ತಿ’ ಎಂಬ ಪದವನ್ನು ಪರರ ಕಪಾಟು ತಡಕಾಡುವ ಪರವಾನಗಿಯಂತೆ ಬಳಸಿದ ನಿದರ್ಶನಗಳು ಈ ವೃತ್ತಿಯಲ್ಲಿ ಕಡಿಮೆಯೇನಲ್ಲ.

ಸಾಮಾನ್ಯ ಬಳಕೆದಾರರ ವಿಷಯದಲ್ಲಿ ಅಪಾಯ ಇರುವುದು ನೋಡುವುದಕ್ಕಿಂತ ಹಂಚುವುದರಲ್ಲಿ. ಯಾವುದೋ ಇಲಾಖೆಯ ಪಟ್ಟಿ ಸಿಕ್ಕಿತೆಂದು ಅಪಾರ್ಟ್‌ಮೆಂಟಿನ ವಾಟ್ಸ್ಆಪ್ ಗುಂಪಿಗೆ ಹಾಕುವವರು ತಾವು ಅಪರಾಧ ಮಾಡುತ್ತಿದ್ದೇವೆಂದು ತಿಳಿದಿರುವುದಿಲ್ಲ. ‘ಅಂತರ್ಜಾಲದಲ್ಲೇ ಇತ್ತಲ್ಲ’ ಎಂಬುದು ಸಿದ್ಧ ಸಮಾಧಾನ. 2020ರಲ್ಲಿ ಕೊರೊನಾ ಮೊದಲ ಅಲೆಯ ಹೊತ್ತಿಗೆ ಕರ್ನಾಟಕ ಸರ್ಕಾರವೇ ವಿದೇಶದಿಂದ ಬಂದು ಗೃಹಬಂಧನದಲ್ಲಿದ್ದವರ ಮನೆ ವಿಳಾಸಗಳ ಪಟ್ಟಿಯನ್ನು ಜಿಲ್ಲಾವಾರು ಪ್ರಕಟಿಸಿತ್ತು. ಅದು ಸರ್ಕಾರ ಬುದ್ಧಿಪೂರ್ವಕವಾಗಿ ತೆರೆದ ಬಾಗಿಲು. ಆ ಪಟ್ಟಿ ಮೊಬೈಲಿನಿಂದ ಮೊಬೈಲಿಗೆ ಹಾರಿದ ವೇಗವನ್ನು ಬೆಂಗಳೂರಿಗರು ಮರೆತಿರಲಾರರು. ನೋಡಿದವರಲ್ಲಿ ಎಷ್ಟು ಮಂದಿ ಸೋಂಕಿನ ಎಚ್ಚರಿಕೆಗಾಗಿ ನೋಡಿದರು, ಎಷ್ಟು ಮಂದಿ ನೆರೆಮನೆಯವರ ಮೇಲೆ ಬೆರಳು ತೋರಲು ನೋಡಿದರು ಎಂಬುದು ಅವರವರ ಆತ್ಮಸಾಕ್ಷಿಗೆ ಬಿಟ್ಟದ್ದು.

ಯಾರ ಮಾಹಿತಿ ಎಂಬುದೂ ಮುಖ್ಯ

2017ರ ಮಾರ್ಚ್ ಕೊನೆಯಲ್ಲಿ ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿ ಅವರ ಆಧಾರ್ ನೋಂದಣಿಯ ವಿವರವಿದ್ದ ಚಿತ್ರವನ್ನು ಸೇವಾ ಕೇಂದ್ರವೊಂದು ಪ್ರಚಾರದ ಉಮೇದಿನಲ್ಲಿ ಟ್ವಿಟರ್‌ಗೆ ಹಾಕಿತು. ಪತ್ನಿ ಸಾಕ್ಷಿ ಕೇಂದ್ರ ಸಚಿವರನ್ನು ನೇರವಾಗಿ ಪ್ರಶ್ನಿಸಿದರು, ಸಚಿವರು ಕೂಡಲೇ ಉತ್ತರಿಸಿದರು, ಆ ಕೇಂದ್ರವನ್ನು ಹತ್ತು ವರ್ಷ ಕಪ್ಪುಪಟ್ಟಿಗೆ ಸೇರಿಸಲಾಯಿತು. ಕ್ರಮ ಸರಿಯಾದದ್ದೇ. ಧೋನಿಯವರದೇ ರಾಜ್ಯವಾದ ಜಾರ್ಖಂಡ್‌ನ ಲಕ್ಷಾಂತರ ಪಿಂಚಣಿದಾರರ ವಿವರ ಬಯಲಾದ ಸುದ್ದಿ ಬಂದದ್ದು ಇದಾದ ಒಂದು ತಿಂಗಳೊಳಗೆ. ಅವರಲ್ಲಿ ಟ್ವಿಟರ್ ಖಾತೆ ಇದ್ದವರು ಎಷ್ಟು ಮಂದಿಯೋ.

ಪ್ರಭಾವಿಗಳ ಮಾಹಿತಿ ಬ್ಯಾಂಕು, ಕಂಪನಿಗಳ ಕೋಟೆಯೊಳಗಿರುತ್ತದೆ. ತೆರೆದ ಪಟ್ಟಿಗಳಲ್ಲಿ ಸಿಗುವುದು ಪಡಿತರ, ಪಿಂಚಣಿ, ಕೂಲಿ, ವಿದ್ಯಾರ್ಥಿವೇತನಕ್ಕಾಗಿ ಸರ್ಕಾರದ ಮುಂದೆ ಕೈಚಾಚಿದವರ ಮಾಹಿತಿ. ವಿವರ ಕೊಡುವುದಿಲ್ಲ ಎನ್ನುವ ಆಯ್ಕೆ ಅವರಿಗಿಲ್ಲ. ನೋಡುವವನು ನಗರದಲ್ಲಿ ಗಣಕದ ಮುಂದೆ ಕುಳಿತಿರುತ್ತಾನೆ, ನೋಡಲ್ಪಡುವವನಿಗೆ ತನ್ನ ಹೆಸರು ಅಲ್ಲಿದೆ ಎಂಬುದೇ ಗೊತ್ತಿರುವುದಿಲ್ಲ. ಗುಪ್ತಪದವನ್ನಾದರೆ ಬದಲಿಸಬಹುದು, ಆಧಾರ್ ಸಂಖ್ಯೆಯನ್ನು ಹಾಗೆ ಸುಲಭವಾಗಿ ಬದಲಿಸಲಾಗದು.

ಆಧಾರ್ ಯೋಜನೆಯನ್ನು 2012ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಿದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ಹೆಸರಿನ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಬೆಂಗಳೂರಿನ ಸಂಸ್ಥೆಗೆ ಪ್ರಾಧಿಕಾರದ ಪತ್ರ ಹೋಗಿ ಆಗ ಮೂರು ತಿಂಗಳಾಗಿತ್ತು. ಆ ತೀರ್ಪಿನ ಬಸಿರಿನಿಂದ ಬಂದದ್ದು 2023ರ ಕಾಯ್ದೆ. ಅದರ ನಿಯಮಗಳು ಪ್ರಕಟವಾಗುವುದನ್ನು ನೋಡಲು ನ್ಯಾಯಮೂರ್ತಿಗಳು ಉಳಿದಿರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಹೊಸ ಕಾಯ್ದೆ ಮಾಹಿತಿಯನ್ನು ಸರಿಯಾಗಿ ಕಾಯದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಲ್ಲದು. ಸರ್ಕಾರಿ ಸಂಸ್ಥೆಗಳನ್ನು ಅಧಿಸೂಚನೆಯ ಮೂಲಕ ಹೊರಗಿಡುವ ಅವಕಾಶವನ್ನೂ ಅದರಲ್ಲೇ ಇಟ್ಟುಕೊಳ್ಳಲಾಗಿದೆ. ಕಾನೂನಿನ ಬಾಧ್ಯತೆಯಂತೆ ಸಾರ್ವಜನಿಕಗೊಳಿಸಿದ ಮಾಹಿತಿಗೆ ಕಾಯ್ದೆ ಅನ್ವಯಿಸುವುದಿಲ್ಲ. ತಪ್ಪಾಗಿ ಪ್ರಕಟವಾದದ್ದನ್ನೂ ಬಾಧ್ಯತೆಯ ಹೆಸರಿನಲ್ಲಿ ಸಮರ್ಥಿಸಿಕೊಳ್ಳುವ ಇಲಾಖೆಗಳು ನಾಳೆ ಇರಲಾರವೆಂದು ಹೇಳಲಾಗದು. ಮತ್ತೊಂದೆಡೆ ಇದೇ ಕಾಯ್ದೆಯ ಮೂಲಕ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ತಿದ್ದಿ, ವೈಯಕ್ತಿಕ ಮಾಹಿತಿ ಎಂಬ ಕಾರಣ ಕೊಟ್ಟು ಉತ್ತರ ನಿರಾಕರಿಸುವುದನ್ನು ಸುಲಭಗೊಳಿಸಲಾಗಿದೆ. ಮುಚ್ಚಬೇಕಾದದ್ದು ತೆರೆದು, ತೆರೆಯಬೇಕಾದದ್ದು ಮುಚ್ಚುವ ಅಪಾಯ ಎದುರಿಗಿದೆ.

ಲೋಪ ಕಂಡವರು ತಿಳಿಸಲು ಸರ್ಟ್-ಇನ್ ಎಂಬ ಕೇಂದ್ರ ಸಂಸ್ಥೆಯ ವಿಳಾಸವೇನೋ ಇದೆ. ತಿಳಿಸಿದವನ ಮೇಲೆ 43 ಮತ್ತು 66ನೇ ಕಲಂಗಳನ್ನು ಪ್ರಯೋಗಿಸುವಂತಿಲ್ಲ ಎಂಬ ಒಂದು ಸಾಲು ಮಾತ್ರ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಇಲ್ಲ. ಅಮೆರಿಕದ ನ್ಯಾಯಾಂಗ ಇಲಾಖೆ 2022ರ ಮೇ ತಿಂಗಳಲ್ಲಿ, ಸದುದ್ದೇಶದ ಭದ್ರತಾ ಸಂಶೋಧನೆಗೆ ಮೊಕದ್ದಮೆ ಹೂಡುವುದಿಲ್ಲ ಎಂಬ ನೀತಿಯನ್ನಾದರೂ ಪ್ರಕಟಿಸಿತು. ಅಂಥ ಭರವಸೆ ಇಲ್ಲದ ಕಡೆ, ಕಂಡರೂ ಕಾಣದಂತೆ ಪುಟ ಮುಚ್ಚಿ ಸುಮ್ಮನಾಗುವುದೇ ಜಾಣತನವಾಗುತ್ತದೆ. ಪ್ರಾಮಾಣಿಕರು ಸುಮ್ಮನಾದಾಗ ಆ ಪುಟವನ್ನು ನೋಡುತ್ತಲೇ ಇರುವವರು ಯಾರೆಂದು ಹೇಳಬೇಕಿಲ್ಲ.

ಮಾಹಿತಿ ಬಯಲಾದರೆ ಅದರಿಂದ ಬಾಧಿತರಾದ ಪ್ರತಿಯೊಬ್ಬರಿಗೂ ವಿಳಂಬವಿಲ್ಲದೆ ತಿಳಿಸಬೇಕು, ಮಂಡಳಿಗೆ 72 ಗಂಟೆಗಳಲ್ಲಿ ವಿವರ ಸಲ್ಲಿಸಬೇಕು ಎನ್ನುತ್ತದೆ ಹೊಸ ನಿಯಮ. ಪ್ರಕಟಣೆಯ ಬಳಿಕ 18 ತಿಂಗಳ ಕಾಲಾವಕಾಶ ಕೊಟ್ಟಿರುವುದರಿಂದ ಆ ಹೊಣೆ ಜಾರಿಗೆ ಬರುವುದು 2027ರ ಮೇ ತಿಂಗಳಲ್ಲಿ. ಬೆಂಗಳೂರಿನ ಆ ವರದಿ ಹೊರಬಂದು ಆಗ ಸರಿಯಾಗಿ ಹತ್ತು ವರ್ಷಗಳಾಗಿರುತ್ತವೆ. ವರದಿಯಲ್ಲಿ ಎಣಿಕೆಗೆ ಸಿಕ್ಕ 13 ಕೋಟಿ ಸಂಖ್ಯೆಗಳ ಒಡೆಯರಿಗೆ ‘ನಿಮ್ಮ ವಿವರ ಬಯಲಾಗಿತ್ತು’ ಎಂದು ತಿಳಿಸಬೇಕೆನ್ನುವ ಕಾನೂನು 2017ರಲ್ಲಿ ಇರಲಿಲ್ಲ.